ನಂದಿಯ ಇಳಿಜಾರು, ಹಿಂದಿನ ಬ್ರೇಕು

ಬೆಂಗಳೂರಿನ ಸೈಕಲ್ ಸವಾರರಿಗೆ ನಂದಿ ಬೆಟ್ಟವೆಂದರೆ ಒಂದು ಪರೀಕ್ಷೆ ಇದ್ದ ಹಾಗೆ. ಹೊಸ ಸೈಕಲ್ ಕೊಂಡು ಎರಡು ತಿಂಗಳಾಗುವಷ್ಟರಲ್ಲಿ ‘ನಂದಿ ಹತ್ತಿದೆಯಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಇಲ್ಲವೆಂದರೆ ಸೈಕಲ್ ಕೊಂಡದ್ದೇ ದಂಡ ಎನ್ನುವಂತೆ ಗೆಳೆಯರು ನೋಡುತ್ತಾರೆ. ಹೀಗಾಗಿ ರಜೆಯ ದಿನಗಳಲ್ಲಿ ಬೆಳಗಿನ ಜಾವ ನಾಲ್ಕೂವರೆಗೆಲ್ಲ ಹೆಬ್ಬಾಳದಿಂದ ಉತ್ತರಕ್ಕೆ ಹೋಗುವ ರಸ್ತೆಯಲ್ಲಿ ಪುಟ್ಟ ಕೆಂಪು ದೀಪಗಳು ಮಿನುಗುತ್ತ ಸಾಲುಗಟ್ಟುತ್ತವೆ. ಯಲಹಂಕ ಹಿಂದೆ ಬೀಳುತ್ತದೆ, ವಿಮಾನ ನಿಲ್ದಾಣದ ಬೆಳಕು ಹಿಂದೆ ಬೀಳುತ್ತದೆ. ದೇವನಹಳ್ಳಿ ದಾಟಿದ ಮೇಲೆ ಹೆದ್ದಾರಿಯ ಗದ್ದಲ ಬಿಟ್ಟು ಎಡಕ್ಕೆ ಹೊರಳಿ ಕಾರಹಳ್ಳಿ ಕ್ರಾಸಿಗೆ ಬಂದರೆ ದ್ರಾಕ್ಷಿ ಚಪ್ಪರಗಳ ನಡುವಿನ ಹಳ್ಳಿಗಾಡು. ಎದುರಿಗೆ, ಮಲಗಿದ ಬಸವನ ಬೆನ್ನಿನಂತೆ ಕರಿ ಕಲ್ಲಿನ ಬೆಟ್ಟ. ಅದರ ನೆತ್ತಿಯ ಮೇಲೆ ಬಹುಪಾಲು ದಿನ ಮಂಜಿನ ಮುಸುಕು.

ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರದ ಈ ಬೆಟ್ಟದ ಕಥೆ ಶಾಲಾ ಮಕ್ಕಳಿಗೂ ಗೊತ್ತಿರುವಂಥದು. ಟಿಪ್ಪುವಿನ ಕೋಟೆ, ಕೈದಿಗಳನ್ನು ತಳ್ಳುತ್ತಿದ್ದರೆಂದು ಹೇಳುವ ಟಿಪ್ಪು ಡ್ರಾಪ್, 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಹಿಡಿದದ್ದು, ಮುಂದೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಯ ಬಿಸಿಲು ತಾಳಲಾರದೆ ಇಲ್ಲಿ ಮನೆ ಕಟ್ಟಿಸಿಕೊಂಡದ್ದು, ಇವೆಲ್ಲ ಮೇಲೆ ಹಾಕಿರುವ ಫಲಕಗಳಲ್ಲೇ ಓದಲು ಸಿಗುತ್ತವೆ. ಸೈಕಲಿನವರ ಲೆಕ್ಕ ಬೇರೆ. ಅವರ ಪಾಲಿಗೆ ನಂದಿಯೆಂದರೆ ಬುಡದಿಂದ ತುದಿಗೆ ಏಳೂವರೆ ಕಿಲೋಮೀಟರ್ ಆಸುಪಾಸಿನ ರಸ್ತೆ, 40 ತಿರುವು, ಸುಮಾರು 450 ಮೀಟರ್ ಏರು. ಅಂದರೆ ನೂರು ಮೀಟರ್ ಮುಂದೆ ಹೋದರೆ ಸರಾಸರಿ ಆರು ಮೀಟರ್ ಮೇಲೆ. ಎಷ್ಟು ನಿಮಿಷದಲ್ಲಿ ಹತ್ತಿದೆ ಎಂಬುದೇ ಅಲ್ಲಿ ಅಂಕ, ರ‍್ಯಾಂಕ್ ಎಲ್ಲ.

ಹೇಗೆ ಇಳಿದೆ ಎಂದು ಯಾರೂ ಕೇಳುವುದಿಲ್ಲ. ಇಳಿಯುವುದರಲ್ಲಿ ಏನಿದೆ, ತಾನಾಗಿಯೇ ಇಳಿಯುತ್ತದಲ್ಲ!

ದಸರಾ ರಜೆಯ ಒಂದು ಬುಧವಾರ ಯಲಹಂಕದಿಂದ ಹೊರಟ ತಂದೆ-ಮಗನೂ ಹಾಗೆಯೇ ಅಂದುಕೊಂಡಿದ್ದರು. ಮಗ ಮೊದಲ ಪಿ.ಯು.ಸಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೆ ಗೇರ್ ಸೈಕಲ್ ಎಂದು ಮಾತು ಕೊಟ್ಟಿದ್ದ ತಂದೆ, ಮಾತು ಉಳಿಸಿಕೊಂಡಿದ್ದರು. ಮುಂದೆ ಹಿಂದೆ ಎರಡೂ ಕಡೆ ಡಿಸ್ಕ್ ಬ್ರೇಕ್ ಇದ್ದ ಸೈಕಲ್. ಅಂಗಡಿಯಲ್ಲಿ ಹುಡುಗ ಮೊದಲು ನೋಡಿದ್ದೇ ಆ ತೂತು ತೂತಿನ ಹೊಳೆಯುವ ಉಕ್ಕಿನ ತಟ್ಟೆಗಳನ್ನು. ಮೋಟಾರ್ ಸೈಕಲಿನಲ್ಲಿ ಇರುವಂಥದ್ದೇ ತನ್ನ ಸೈಕಲಿನಲ್ಲೂ ಇದೆ ಎಂಬ ಹೆಮ್ಮೆ. ಮಗ ಸೈಕಲ್ ತುಳಿಯುತ್ತ ಮುಂದೆ, ತಂದೆ ಸ್ಕೂಟರಿನಲ್ಲಿ ಹಿಂದೆ. ಸ್ಕೂಟರಿನ ಕೊಕ್ಕೆಯಲ್ಲಿ ನೀರಿನ ಬಾಟಲಿ, ಇಡ್ಲಿ ಚಟ್ನಿಯ ಡಬ್ಬಿ.

ಹತ್ತುವುದಂತೂ ಹತ್ತಿದ. ನಡುವೆ ಮೂರು ಸಲ ನಿಂತ, ಕೊನೆಯ ತಿರುವುಗಳಲ್ಲಿ ಬಾಯಿ ತೆರೆದು ಉಸಿರಾಡಿದ, ಆದರೆ ಇಳಿದು ತಳ್ಳಲಿಲ್ಲ. ಮೇಲೆ ಯೋಗನಂದೀಶ್ವರನಿಗೆ ಕೈಮುಗಿದು, ಕೋತಿಗಳಿಂದ ಇಡ್ಲಿ ಉಳಿಸಿಕೊಂಡು ತಿಂದು, ಮಂಜು ಸರಿಯುವುದನ್ನು ಕಾದು, ಒಂಬತ್ತರ ಹೊತ್ತಿಗೆ ಇಳಿಯಲು ಶುರು ಮಾಡಿದರು.

ರಸ್ತೆ ಇನ್ನೂ ಒದ್ದೆಯಾಗಿತ್ತು. ಮೊದಲ ಮೂರು ನಾಲ್ಕು ತಿರುವು ಸರಾಗ. ಆಮೇಲಿನ ಒಂದು ತಿರುವಿನಲ್ಲಿ ಹುಡುಗ ಎಡಗೈಯ ಲಿವರ್ ಒತ್ತಿದಾಗ ಅದು ಮೆತ್ತಗೆ ಬಂದು ಹ್ಯಾಂಡಲಿನ ಹಿಡಿಕೆಗೆ ತಾಗಿ ನಿಂತುಬಿಟ್ಟಿತು. ನಮ್ಮಲ್ಲಿ ಸಾಮಾನ್ಯವಾಗಿ ಎಡಗೈಯದು ಹಿಂದಿನ ಬ್ರೇಕು, ಬಲಗೈಯದು ಮುಂದಿನದು. ಹಿಂದಿನ ಚಕ್ರಕ್ಕೆ ಹಿಡಿತವೇ ಇಲ್ಲ. ಎದುರಿಗೆ ತಗ್ಗು ಗೋಡೆ, ಅದರಾಚೆ ಬರೀ ಬಯಲು ಗಾಳಿ. ಹುಡುಗ ಗಾಬರಿಯಿಂದ ಬಲಗೈಯನ್ನೂ ಬಿಗಿ ಹಿಡಿದ. ಮುಂದಿನ ಚಕ್ರ ಒದ್ದೆ ರಸ್ತೆಯ ಮೇಲೆ ಒಂದು ಗೇಣು ಜಾರಿ, ಮತ್ತೆ ಹಿಡಿದುಕೊಂಡಿತು. ಸೈಕಲ್ ಗೋಡೆಯಿಂದ ಒಂದು ಮಾರು ದೂರದಲ್ಲಿ ನಿಂತಿತು.

“ಏನಾಯ್ತೋ?” ಎಂದು ಸ್ಕೂಟರ್ ನಿಲ್ಲಿಸಿ ಓಡಿ ಬಂದ ತಂದೆಗೆ ಹುಡುಗ ತಕ್ಷಣ ಉತ್ತರ ಕೊಡಲಿಲ್ಲ. ಎರಡು ಸಲ ಎಡ ಲಿವರ್ ಒತ್ತಿ ತೋರಿಸಿದ. ಆಮೇಲೆ, “ಅಪ್ಪಾ, ಒಂದು ವಾರದಿಂದಲೇ ಸ್ವಲ್ಪ ಹಾಗಿತ್ತು. ಟೈಟ್ ಮಾಡಿದ್ದೆ. ಸರಿಹೋಗಿದೆ ಅಂದ್ಕೊಂಡೆ” ಎಂದ.

ತಂದೆ ಬೈಯಲಿಲ್ಲ. “ಇಳಿ. ತಳ್ಕೊಂಡು ಹೋಗೋಣ” ಎಂದಷ್ಟೇ ಹೇಳಿದರು.

ನಂದಿಯನ್ನು ನೋಡಬೇಕೆಂದರೆ ಹೀಗೆ ನಡೆದು ಇಳಿಯುವುದೇ ಸರಿಯೇನೋ. ಕಾರಿನವರಿಗೆ, ಸ್ಕೂಟರಿನವರಿಗೆ, ಸೈಕಲಿನವರಿಗೆ ಕಾಣುವುದು ರಸ್ತೆ ಮಾತ್ರ. ನಡೆಯುವವನಿಗೆ ಬಂಡೆಗಳ ಮೈಮೇಲೆ ನೀರು ಇಳಿದ ಕಪ್ಪು ಗೆರೆಗಳು, ಸಂದುಗಳಿಂದ ತಲೆ ಎತ್ತಿದ ಹುಲ್ಲು, ಮರಗಳ ನಡುವೆ ಹೆಸರು ಗೊತ್ತಿಲ್ಲದ ಹಕ್ಕಿಗಳ ದನಿ, ಕೆಳಗೆ ಚದುರಂಗದ ಹಾಸಿನಂತೆ ಹೊಲ ಕೆರೆ ಕಾಣುತ್ತವೆ. ಈ ಬೆಟ್ಟಸಾಲಿನ ಸುತ್ತಮುತ್ತಲೇ ಅರ್ಕಾವತಿ, ಪಾಲಾರ್, ಪಿನಾಕಿನಿಗಳು ಹುಟ್ಟುವುದು. ಒಂದೇ ಬೆಟ್ಟದ ಮಳೆ ನೀರು ಒಂದು ಕಡೆ ಜಾರಿದರೆ ಕಾವೇರಿಯನ್ನು ಸೇರುತ್ತದೆ, ಇನ್ನೊಂದು ಕಡೆ ಜಾರಿದರೆ ಆಂಧ್ರದ ಅಥವಾ ತಮಿಳುನಾಡಿನ ದಾರಿ ಹಿಡಿಯುತ್ತದೆ. ತಂದೆ ಸ್ಕೂಟರನ್ನು ಕುಂಟಿಸಿಕೊಂಡು, ಮಗ ಸೈಕಲನ್ನು ತಡೆದುಕೊಂಡು, ಇಬ್ಬರೂ ಮಾತಿಲ್ಲದೆ ಒಂದೂಮುಕ್ಕಾಲು ಗಂಟೆ ನಡೆದರು. ತಳ್ಳಿಕೊಂಡು ಇಳಿಯುವಾಗಲೂ ಸೈಕಲ್ ಮುಂದಕ್ಕೆ ಎಳೆಯುತ್ತಿತ್ತು.

ಆ ಎಳೆತಕ್ಕೆ ಲೆಕ್ಕವಿದೆ. ಸವಾರ ಮತ್ತು ಸೈಕಲ್ ಸೇರಿ 75 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 450 ಮೀಟರ್ ಎತ್ತರದಲ್ಲಿ ಅದಕ್ಕಿರುವ ಸ್ಥಾನಶಕ್ತಿ, ಒಂಬತ್ತನೆಯ ತರಗತಿಯ ಸೂತ್ರದ ಪ್ರಕಾರವೇ, 75 × 9.8 × 450. ಅಂದರೆ ಸುಮಾರು 3 ಲಕ್ಷ 30 ಸಾವಿರ ಜೂಲ್. ಇಷ್ಟು ಶಕ್ತಿಯಿಂದ 20 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ಹಂತದವರೆಗೆ ಕಾಯಿಸಬಹುದು. ಬೆಟ್ಟ ಹತ್ತುವಾಗ ಹುಡುಗ ಬೆವರು ಸುರಿಸಿ ಕೂಡಿಟ್ಟ ಈ ಶಕ್ತಿ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಒಂದಷ್ಟು ಪಾಲನ್ನು ಎದುರುಗಾಳಿ ತಿನ್ನುತ್ತದೆ, ಒಂದಿಷ್ಟನ್ನು ಟಯರುಗಳು. ಉಳಿದದ್ದೆಲ್ಲ ಬ್ರೇಕಿನ ಪಾಲು. ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲು ಕಡಿಮೆ, ಬ್ರೇಕಿನ ಪಾಲು ಹೆಚ್ಚು. ಒಂದು ಲೀಟರ್ ನೀರಿನ ಬದಲು ನೂರಿನ್ನೂರು ಗ್ರಾಂ ತೂಗುವ ಎರಡು ಉಕ್ಕಿನ ತಟ್ಟೆಗಳು ಆ ಬಿಸಿಯನ್ನು ಹೀರಿ ಗಾಳಿಗೆ ಬಿಡಬೇಕು. ಇಳಿದ ಕೂಡಲೇ ಡಿಸ್ಕ್ ಮುಟ್ಟಿ ನೋಡಿ ಬೆರಳು ಸುಟ್ಟುಕೊಂಡವರಿಗೆ ಈ ಪಾಠ ಬೇರೆ ಹೇಳಬೇಕಾಗಿಲ್ಲ.

ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಕಾಯಿಸಿ ಹೆಸರಾದ ಇನ್ನೊಂದು ರಸ್ತೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದೆ. ಸ್ಯಾನ್‌ಫ್ರಾನ್ಸಿಸ್ಕೊ ಸಮೀಪದ ಫೇರ್‌ಫ್ಯಾಕ್ಸ್ ಊರಿನ ಬಳಿ, 1976ರಲ್ಲಿ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್‌ಗಳಲ್ಲಿ ಕಾಡಿನ ಮಣ್ಣುರಸ್ತೆಯ ಮೇಲೆ ಇಳಿಯುವ ಪಂದ್ಯ ಶುರು ಮಾಡಿದರು. ಅವರ ಸೈಕಲ್‌ಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೆ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ಬು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ಬು ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ‘ರಿಪ್ಯಾಕ್’ ಎನ್ನುತ್ತಾರೆ. ಆ ರಸ್ತೆಗೆ ‘ರಿಪ್ಯಾಕ್ ರೋಡ್’ ಎಂಬ ಹೆಸರೇ ನಿಂತುಹೋಯಿತು. ಇಂದಿನ ಮೌಂಟನ್ ಬೈಕ್‌ಗಳು ಬೆಳೆದು ಬಂದದ್ದು ಅಂಥ ಪಂದ್ಯಗಳಿಂದಲೇ. ನಮ್ಮ ಹುಡುಗನ ಸೈಕಲಿನ ವಂಶಾವಳಿಯೂ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಬುಡಕ್ಕೆ ಬಂದ ಮೇಲೆ ತಂದೆ-ಮಗ ಬೆಂಗಳೂರಿನ ದಾರಿ ಹಿಡಿಯಲಿಲ್ಲ. ಬೆಟ್ಟವನ್ನು ಬಳಸಿಕೊಂಡು, ಹುಡುಗ ಮುಂದಿನ ಬ್ರೇಕಿನ ಮೇಲೆ ಎರಡೇ ಬೆರಳಿಟ್ಟು ನಿಧಾನವಾಗಿ ಸಾಗಿ, ಇಬ್ಬರೂ ನಂದಿ ಗ್ರಾಮಕ್ಕೆ ಬಂದರು. ಮೇಲಿನ ಯೋಗನಂದೀಶ್ವರನನ್ನು ನೋಡಿದವರು ಕೆಳಗಿನ ಭೋಗನಂದೀಶ್ವರನನ್ನು ನೋಡದೆ ಹೋಗಬಾರದು ಎಂಬುದು ತಂದೆಯ ಲೆಕ್ಕ. ಊರಿನಲ್ಲಿ ಸೈಕಲ್ ರಿಪೇರಿಯವನು ಸಿಕ್ಕಿಯಾನು ಎಂಬ ಆಸೆಯೂ ಇತ್ತು.

ಸಿಕ್ಕ. ಹಂಚಿನ ಮಾಡಿನ ಕೆಳಗೆ ನೀರು ತುಂಬಿದ ಬಾಣಲೆ, ಗೋಡೆಗೆ ನೇತುಹಾಕಿದ ಟ್ಯೂಬುಗಳು, ಎಣ್ಣೆ ಹಿಡಿದ ಮರದ ಪೆಟ್ಟಿಗೆ, ಬಾಗಿಲ ಬಳಿ ರಾಡ್ ಬ್ರೇಕಿನ ಹಳೆಯ ದೊಡ್ಡ ಸೈಕಲ್. ಅರವತ್ತೈದು ದಾಟಿದ ಯಜಮಾನ ಕನ್ನಡಕ ಸರಿಪಡಿಸಿಕೊಂಡು ಹುಡುಗನನ್ನು ನೋಡಿದ.

“ಏನ್ ತಮ್ಮ, ಬೆಟ್ಟದಿಂದ ತಳ್ಕೊಂಡು ಬಂದಂಗಿದೆ? ಪಂಕ್ಚರ‍್ರಾ?”

“ಇಲ್ಲ ತಾತ. ಹಿಂದಿನ ಬ್ರೇಕ್ ಹಿಡೀತಿಲ್ಲ.”

“ಹಿಡೀತಿಲ್ಲ ಅಂದ್ರೆ ಹೆಂಗೆ? ಲಿವರ್ ಬಂದು ಹ್ಯಾಂಡಲ್‌ಗೆ ತಗಲ್ತದಾ? ಇಲ್ಲ, ಲಿವರ್ ಕಲ್ಲಿನಂಗೆ ಗಟ್ಟಿಗಿದ್ದು ಚಕ್ರ ಮಾತ್ರ ನಿಲ್ಲಲ್ವಾ?”

ಹುಡುಗನಿಗೆ ಎರಡಕ್ಕೂ ಇರುವ ವ್ಯತ್ಯಾಸ ಹೊಳೆಯಲಿಲ್ಲ. ಬಹಳ ಮಂದಿಗೆ ಹೊಳೆಯುವುದಿಲ್ಲ. ‘ಬ್ರೇಕ್ ವೀಕ್’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಕೈಯ ಬಲ ಪ್ಯಾಡಿನವರೆಗೆ ತಲುಪುತ್ತಲೇ ಇಲ್ಲದಿದ್ದರೆ ಲಿವರ್ ಹ್ಯಾಂಡಲಿಗೆ ಬಂದು ತಾಗುತ್ತದೆ. ವೈರ್ ಸಡಿಲವಾಗಿರಬಹುದು, ಪ್ಯಾಡ್ ಸವೆದಿರಬಹುದು, ಪ್ಯಾಡು ಡಿಸ್ಕಿನಿಂದ ದೂರ ಕುಳಿತಿರಬಹುದು. ಬಲ ತಲುಪಿಯೂ ಘರ್ಷಣೆ ಹುಟ್ಟದಿದ್ದರೆ ಲಿವರ್ ಗಟ್ಟಿಯಾಗಿರುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಆಗ ದೋಷ ಡಿಸ್ಕು ಪ್ಯಾಡುಗಳ ಮೈಯಲ್ಲಿ: ಎಣ್ಣೆ, ಜಿಡ್ಡು, ಅಥವಾ ಕಾದು ಗಾಜಿನಂತೆ ನುಣುಪಾದ ಪ್ಯಾಡು. ಮೊದಲ ಕಾಯಿಲೆಗೆ ಎರಡನೆಯದರ ಔಷಧಿ ಕೊಟ್ಟರೆ ನಾಟುವುದಿಲ್ಲ.

ಇನ್ನೊಂದು ಮಾತೂ ಇದೆ. ಹಿಂದಿನ ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಮುಂದಿನದರಷ್ಟು ನಿಲ್ಲಿಸುವುದಿಲ್ಲ. ಬಸ್ಸಿನವನು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುವ ಹಾಗೆ ಸೈಕಲಿನ ಭಾರವೂ ಮುಂದಿನ ಚಕ್ರಕ್ಕೆ ವಾಲುತ್ತದೆ. ಸುಮ್ಮನೆ ಕುಳಿತಿದ್ದಾಗ ಒಟ್ಟು ಭಾರದ ಶೇಕಡ 60ರಷ್ಟು ಹಿಂದಿನ ಚಕ್ರದ ಮೇಲಿದ್ದರೆ, ಸಾಧಾರಣ ಜೋರಾಗಿ ಬ್ರೇಕ್ ಹಾಕಿದಾಗ ಅದರಲ್ಲಿ ಅರ್ಧದಷ್ಟು ಮುಂದಕ್ಕೆ ಹೋಗಿಬಿಡುತ್ತದೆ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಭಾರವಿಲ್ಲದ ಚಕ್ರ ನೆಲವನ್ನು ಹಿಡಿಯುವುದಾದರೂ ಹೇಗೆ? ಆದ್ದರಿಂದ ಹಿಂದಿನ ಬ್ರೇಕು ನಿಜವಾಗಿ ದುರ್ಬಲವಾಗಿದೆಯೋ ಅಥವಾ ಸಹಜವಾಗಿ ಹಾಗನಿಸುತ್ತಿದೆಯೋ ಎಂದು ಮೊದಲು ತಿಳಿಯಬೇಕು. ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ, ನಡಿಗೆಗಿಂತ ತುಸು ಜೋರಾಗಿ ಹೋಗುತ್ತ ಹಿಂದಿನ ಬ್ರೇಕನ್ನು ಮಾತ್ರ ಬಿಗಿಯಾಗಿ ಒತ್ತಿ ನೋಡಿದರಾಯಿತು. ಚಕ್ರ ತಿರುಗುವುದು ನಿಂತು ಜಾರಿದರೆ ಬ್ರೇಕಿನ ತಪ್ಪೇನೂ ಇಲ್ಲ. ಎಷ್ಟು ಒತ್ತಿದರೂ ತಿರುಗುತ್ತಲೇ ಇದ್ದರೆ ರಿಪೇರಿ ಬೇಕು.

ಹುಡುಗನ ಸೈಕಲಿನದು ತಿರುಗುತ್ತಲೇ ಇತ್ತು.

ಯಜಮಾನ ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ, ಒಂದು ಬಿಳಿ ಕಾಗದವನ್ನು ಕೆಳಗೆ ಹಿಡಿದು, ಡಿಸ್ಕಿನ ಎರಡೂ ಬದಿಯ ಸಂದಿಯಲ್ಲಿ ಬೆಳಕು ಎಷ್ಟು ಕಾಣುತ್ತದೆಂದು ನೋಡಿದ. ಹೊರಬದಿಯಲ್ಲಿ ಕೂದಲೆಳೆಯಷ್ಟು ಬೆಳಕು. ಒಳಬದಿಯಲ್ಲಿ ದಪ್ಪ ರಟ್ಟು ತೂರಿಸಬಹುದಾದಷ್ಟು. ಆಮೇಲೆ ಲಿವರ್ ಬಳಿಯ ಅಡ್ಜಸ್ಟರ್ ಮುಟ್ಟಿ ನಕ್ಕ.

“ಇದನ್ನ ಪೂರ್ತಿ ಹೊರಕ್ಕೆ ತಿರುಗಿಸಿದೋನು ಯಾರು?”

“ನಾನೇ ತಾತ. ಟೈಟ್ ಆಗ್ಲಿ ಅಂತ. ವಿಡಿಯೋದಲ್ಲಿ ಹಾಗೇ ತೋರ‍್ಸಿದ್ರು.”

“ತೋರ‍್ಸಿದ್ದು ಸರಿ. ಒಂದು ಸುತ್ತು, ಎರಡು ಸುತ್ತು. ನೀನು ಹಗ್ಗ ಎಳೆದು ಎಳೆದು ಬಾವಿಗೆ ಕೊಡದೇ ಇಲ್ದಂಗೆ ಮಾಡ್ಕೊಂಡಿದೀಯ.”

ತಾತನ ಮಾತಿನ ಅರ್ಥ ಹೀಗೆ. ವೈರಿನಿಂದ ಎಳೆಯುವ ಡಿಸ್ಕ್ ಬ್ರೇಕುಗಳಲ್ಲಿ ಸಾಮಾನ್ಯವಾಗಿ ಚಲಿಸುವುದು ಹೊರಗಿನ ಪ್ಯಾಡ್ ಒಂದೇ. ಅದು ಡಿಸ್ಕನ್ನು ತುಸು ಬಾಗಿಸಿ, ಕದಲದೆ ಕುಳಿತ ಒಳಗಿನ ಪ್ಯಾಡಿಗೆ ಒತ್ತುತ್ತದೆ. ವೈರು ಎಳೆದಾಗ ತಿರುಗುವ ಪುಟ್ಟ ತೋಳಿಗೆ ಒಂದು ಮಿತಿಯಿದೆ. ಪ್ಯಾಡ್ ಸವೆದಂತೆಲ್ಲ ಪ್ಯಾಡನ್ನೇ ಡಿಸ್ಕಿನ ಹತ್ತಿರ ತರಬೇಕು. ಅದರ ಬದಲು ವೈರನ್ನೇ ಬಿಗಿ ಮಾಡುತ್ತ ಹೋದರೆ, ಲಿವರ್ ಒತ್ತುವ ಮೊದಲೇ ಆ ತೋಳು ಅರ್ಧ ದಾರಿ ಸವೆಸಿರುತ್ತದೆ. ಉಳಿದರ್ಧದಲ್ಲಿ ಡಿಸ್ಕನ್ನು ಹಿಡಿಯಬೇಕು. ಸಮತಟ್ಟು ರಸ್ತೆಯಲ್ಲಿ ಅಷ್ಟೇ ಸಾಕಾಗಿ, ಸರಿಹೋಯಿತು ಎನಿಸುತ್ತದೆ. ಬೆಟ್ಟದ ಇಳಿಜಾರಿನಲ್ಲಿ ನಿಜ ಬಯಲಾಗುತ್ತದೆ. ಹಿಂದಿನ ಬ್ರೇಕಿಗೆ ಇನ್ನೊಂದು ತೊಂದರೆ ಅದರ ವೈರಿನ ಉದ್ದ. ಹ್ಯಾಂಡಲಿನಿಂದ ಹಿಂದಿನ ಚಕ್ರದವರೆಗೆ ಬಳುಕುತ್ತ ಹೋಗುವ ಹೊರಕವಚ ಒತ್ತಿದಾಗ ತುಸು ಕುಗ್ಗುತ್ತದೆ, ಒಳಗೆ ಮಳೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ಕೈಯ ಬಲದ ಒಂದು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ.

ಯಜಮಾನ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿದ. ವೈರು ಕಚ್ಚಿದ್ದ ಬೋಲ್ಟನ್ನು ಸಡಿಲಿಸಿ, ತೋಳನ್ನು ತನ್ನ ಮೂಲ ಜಾಗಕ್ಕೆ ಬಿಟ್ಟ. ಒಳವೈರನ್ನು ಹಿಡಿದು ಹಿಂದೆ ಮುಂದೆ ಆಡಿಸಿದಾಗ ಗರಗರ ಎಂದಿತು. ಕವಚದ ಬಾಯಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಮತ್ತೆ ಎಳೆದ. ಕೈ ಒರೆಸಿಕೊಂಡು ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಎಲ್ ಕೀಯಿಂದ ಸಡಿಲಿಸಿ, ಡಿಸ್ಕು ನಡುವೆ ಬರುವ ಹಾಗೆ ಕೂರಿಸಿದ. ಒಳಗಿನ ಪ್ಯಾಡಿನ ತಿರುಪನ್ನು ಕಾಲು ಕಾಲು ಸುತ್ತು ತಿರುಗಿಸುತ್ತ, ಡಿಸ್ಕಿಗೆ ಇನ್ನೇನು ಉಜ್ಜುತ್ತದೆ ಎನ್ನುವಷ್ಟು ಹತ್ತಿರ ತಂದ. ಕೊನೆಗೆ ವೈರನ್ನು ಸಡಿಲ ಉಳಿಯದ ಹಾಗೆ ಎಳೆದು ಬೋಲ್ಟು ಬಿಗಿದ. ಅಡ್ಜಸ್ಟರಿಗೆ ಒಂದೇ ಸುತ್ತು.

ಲಿವರ್ ಈಗ ಅರ್ಧ ದಾರಿಯಲ್ಲೇ ಗಟ್ಟಿಯಾಗಿ ನಿಂತಿತು. ಹುಡುಗನ ಮುಖ ಅರಳಿತು. ದೇವಸ್ಥಾನದ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ.

ಅರಳಿದ ಮುಖ ಅರಳಿದ ಹಾಗೇ ಇರಲಿಲ್ಲ. “ತಾತ, ಲಿವರ್ ಗಟ್ಟಿಗಿದೆ. ಆದ್ರೂ ನಿಲ್ತಿಲ್ಲ. ಕೀರಲು ಸದ್ದು ಬರ‍್ತಿದೆ.”

“ಹಾಂ, ಈಗ ಎರಡನೇದು” ಎಂದು ಯಜಮಾನ ಚಕ್ರವನ್ನೇ ಬಿಚ್ಚಿದ. ಪ್ಯಾಡುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದ. ಸವೆಯುವ ಪದರ ಇನ್ನೂ ಒಂದು ಮಿಲಿಮೀಟರಿಗಿಂತ ಹೆಚ್ಚಿತ್ತು. ಅರ್ಧ ಮಿಲಿಮೀಟರಿಗೆ ಬಂದರೆ ಬದಲಾಯಿಸಬೇಕು, ಆ ಲೆಕ್ಕದಲ್ಲಿ ಆಯುಸ್ಸಿತ್ತು. ಆದರೆ ಮೈ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಮೂಗಿನ ಹತ್ತಿರ ತಂದು ಮೂಸಿದ.

“ಚೈನಿಗೆ ಏನು ಹೊಡೆದೆ?”

ಹುಡುಗ ತಂದೆಯ ಮುಖ ನೋಡಿದ. ಬೆಟ್ಟಕ್ಕೆ ಹೊರಡುವ ಹತ್ತು ದಿನ ಮೊದಲು, ಮನೆಯ ಮುಂದೆ, ಬಾಗಿಲ ಕೀಲಿಗೆಂದು ತಂದಿದ್ದ ಎಣ್ಣೆಯ ಸ್ಪ್ರೇ ಡಬ್ಬಿಯಿಂದ ಚೈನಿಗೆ ‘ಪುಸ್’ ಎಂದು ಹೊಡೆದದ್ದು ತಂದೆಯೇ. ಮಗ ಪೆಡಲ್ ತಿರುಗಿಸಿದ್ದ. ಚೈನಿಗೂ ಹಿಂದಿನ ಡಿಸ್ಕಿಗೂ ನಡುವೆ ಇರುವುದು ಒಂದು ಹಬ್ಬಿನ ಅಗಲ. ತುಂತುರು ಕಡ್ಡಿಗಳ ನಡುವೆ ತೂರಿ ಆಚೆ ಬದಿಗೆ ಹೋಗುವುದಕ್ಕೆ ಎಷ್ಟು ಹೊತ್ತು? ಮುಂದಿನ ಬ್ರೇಕು ಚೆನ್ನಾಗಿದ್ದು ಹಿಂದಿನದು ಮಾತ್ರ ಹಿಡಿಯುವುದಿಲ್ಲ ಎಂಬ ದೂರು ಅಷ್ಟು ಸಾಮಾನ್ಯವಾಗಿರುವುದಕ್ಕೆ ಈ ನೆರೆಹೊರೆಯೂ ಒಂದು ಕಾರಣ.

“ನಾನೇ ಹೊಡೆದದ್ದು ಯಜಮಾನ್ರೇ” ಎಂದರು ತಂದೆ. “ನಮ್ಮ ಕಾಲದ ಸೈಕಲ್ಲಿಗೆ ಎಲ್ಲಿ ಬೇಕಾದ್ರೂ ಎಣ್ಣೆ ಬಿಡ್ತಿದ್ವಿ.”

“ನಮ್ಮದಕ್ಕೆ ನಡೀತದೆ ಸ್ವಾಮಿ” ಎಂದು ಯಜಮಾನ ಬಾಗಿಲ ಬಳಿಯ ರಾಡ್ ಬ್ರೇಕಿನ ಸೈಕಲ್ ಕಡೆ ಕೈ ತೋರಿಸಿದ. “ಇದಕ್ಕೆ ನಡೆಯಲ್ಲ. ವೈರಿಗೆ ಎಣ್ಣೆ, ಚೈನಿಗೆ ತೊಟ್ಟು ತೊಟ್ಟು ಎಣ್ಣೆ, ತಟ್ಟೆಗೆ ಮಾತ್ರ ಒಂದು ಹನಿ ಬೀಳಂಗಿಲ್ಲ.”

ಯಾಕೆ ನಡೆಯದು ಎಂಬುದು ಸನ್ನೆಕೋಲಿನ ಪಾಠ. ಹಳೆಯ ಸೈಕಲಿನ ಬ್ರೇಕು ಚಕ್ರದ ಅಂಚಿನ ರಿಮ್ಮನ್ನೇ ಹಿಡಿಯುತ್ತದೆ, ಅಂದರೆ ಕೇಂದ್ರದಿಂದ ಒಂದಡಿ ದೂರದಲ್ಲಿ. 160 ಮಿಲಿಮೀಟರ್ ಡಿಸ್ಕಿನ ಮೇಲೆ ಪ್ಯಾಡು ಹಿಡಿಯುವುದು ಕೇಂದ್ರದಿಂದ ಏಳೂವರೆ ಸೆಂಟಿಮೀಟರ್ ಆಸುಪಾಸಿನಲ್ಲಿ. ಬಾಗಿಲನ್ನು ಕೀಲಿನ ಹತ್ತಿರ ಹಿಡಿದು ತಡೆಯುವುದಕ್ಕೂ ಹಿಡಿಕೆಯ ಹತ್ತಿರ ಹಿಡಿದು ತಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ಅದೇ ತಡೆ ಹುಟ್ಟಬೇಕಾದರೆ ಡಿಸ್ಕಿನಲ್ಲಿ ನಾಲ್ಕು ಪಟ್ಟಿನಷ್ಟು ಹೆಚ್ಚು ಘರ್ಷಣೆ ಬೇಕು. ಅಷ್ಟು ಪುಟ್ಟ ಪ್ಯಾಡುಗಳ ಮೇಲೆ ಎಣ್ಣೆಯ ಒಂದು ತೆಳು ಪದರ ಬಿದ್ದರೂ ಆಟ ಕೆಡುತ್ತದೆ. ಮಳೆ, ಕೆಸರಿನಲ್ಲಿ ರಿಮ್ ಬ್ರೇಕಿಗಿಂತ ಡಿಸ್ಕ್ ಮೇಲು ಎಂಬುದೇನೋ ನಿಜ. ಆದರೆ ಅಗ್ಗದ ಸೈಕಲ್‌ಗೂ ಶೋಕಿಗಾಗಿ ಕಳಪೆ ಡಿಸ್ಕ್ ಬ್ರೇಕ್ ಕೂರಿಸಿ ಮಾರುವುದು ಈಚಿನ ರೂಢಿ. ಅಂಥದಕ್ಕಿಂತ ಒಳ್ಳೆಯ ರಿಮ್ ಬ್ರೇಕಿನ ಸೈಕಲ್ ಎಷ್ಟೋ ವಾಸಿ ಎಂದು ಕೊಳ್ಳುವ ತಂದೆತಾಯಂದಿರಿಗೆ ಹೇಳುವವರು ಕಡಿಮೆ. ಹೆಚ್ಚು ಬೆಲೆಯ ಸೈಕಲ್‌ಗಳಲ್ಲಿ ವೈರಿನ ಬದಲು ಎಣ್ಣೆ ತುಂಬಿದ ಕೊಳವೆ ಇರುತ್ತದೆ. ಅದರಲ್ಲಿ ಲಿವರ್ ಸ್ಪಂಜಿನಂತೆ ಮೆತ್ತಗಾದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಗಾಳಿ ತೆಗೆಯುವುದು ಬಲ್ಲವರ ಕೆಲಸ. ಒಂದು ಕಂಪನಿಯ ಬ್ರೇಕಿಗೆ ಖನಿಜ ತೈಲ, ಇನ್ನೊಂದಕ್ಕೆ ಮೋಟಾರ್ ವಾಹನಗಳ ಬ್ರೇಕ್ ದ್ರವ. ಅದಲು ಬದಲಾದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಯಜಮಾನ ಡಿಸ್ಕನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಎರಡು ಸಲ ತೊಳೆದು, ಚೊಕ್ಕ ಬಟ್ಟೆಯಿಂದ ಒರೆಸಿದ. ಪ್ಯಾಡುಗಳನ್ನು ಸ್ಯಾಂಡ್ ಪೇಪರಿನ ಮೇಲೆ ಎಂಟಿನಂತೆ ಉಜ್ಜಿದ. ಹೊಳಪು ಹೋಯಿತು. ಪರೀಕ್ಷಿಸಿದಾಗ ಮೊದಲಿಗಿಂತ ವಾಸಿ. ಆದರೂ ಯಜಮಾನ ತಲೆಯಾಡಿಸಿದ.

“ಎಣ್ಣೆ ಒಳಕ್ಕೆ ಕುಡಿದುಬಿಟ್ಟಿದೆ ಸ್ವಾಮಿ. ಈಗ ಹಿಡಿದಂಗೆ ಕಾಣ್ತದೆ, ಬಿಸಿ ಆದ ತಕ್ಷಣ ಮತ್ತೆ ಮೇಲಕ್ಕೆ ಬರ‍್ತದೆ. ಹೊಸ ಪ್ಯಾಡೇ ಹಾಕ್ಬೇಕು. ನನ್ ಹತ್ರ ಇಲ್ಲ.”

ಕೆಲವರು ಇಂಥ ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟು ಎಣ್ಣೆ ತೆಗೆಯುತ್ತಾರೆ. ಪ್ಯಾಡನ್ನು ಅಂಟಿಸಿರುವ ಅಂಟೇ ಬಿಟ್ಟುಕೊಂಡೀತು. ಕೆಲವು ನೂರು ರೂಪಾಯಿಯ ವಸ್ತುವಿಗೆ ಮಾಡುವ ಈ ಉಳಿತಾಯ ಸಲ್ಲದು.

ಮಗನಿಗೆ ಹೇಗಾದರೂ ಸೈಕಲಿನಲ್ಲೇ ಮನೆಗೆ ಹೋಗುವ ಆಸೆ. ಗೆಳೆಯರಿಗೆ ಹೇಳಿಕೊಂಡು ಬಂದಿದ್ದ. ಇನ್ನೇನು ಬೆಟ್ಟವಿಲ್ಲವಲ್ಲ, ಮುಂದಿನ ಬ್ರೇಕ್ ಇದೆಯಲ್ಲ ಎಂದು ವಾದಿಸಿದ. ತಂದೆ ಒಂದು ಕ್ಷಣ ಸೋತಂತೆ ಕಂಡರು. ಹೆದ್ದಾರಿಯ ಲಾರಿಗಳು ನೆನಪಾಗಿರಬೇಕು. “ಸೈಕಲ್ ಇಲ್ಲೇ ಇರಲಿ ಯಜಮಾನ್ರೇ. ಭಾನುವಾರ ಪ್ಯಾಡ್ ತಗೊಂಡು ಬರ‍್ತೀವಿ” ಎಂದರು. ಹುಡುಗ ಮುಖ ಊದಿಸಿಕೊಂಡು ಭೋಗನಂದೀಶ್ವರನ ಗುಡಿಯೊಳಗೆ ಹೋದ.

ಸಿಟ್ಟಿನಲ್ಲಿ ಹೋದವನೂ ಆ ಗುಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಬೇರು ಬಿಟ್ಟ ಕಟ್ಟಡಕ್ಕೆ ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಒಂದೊಂದು ಭಾಗ ಸೇರಿಸುತ್ತ ಹೋದರು. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳ ನಡುವೆ ಉಮಾಮಹೇಶ್ವರನ ಸಣ್ಣ ಗುಡಿ, ಮುಂದೆ ಕರಿಗಲ್ಲಿನ ಕಲ್ಯಾಣ ಮಂಟಪ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನವನು ಎಲ್ಲ ಬಿಟ್ಟ ಯೋಗಿ ಎಂದು ಊರವರು ಹೇಳುತ್ತಾರೆ. ಪಕ್ಕದಲ್ಲಿ ಶೃಂಗಿತೀರ್ಥವೆಂಬ ಕಲ್ಯಾಣಿ. ಸುತ್ತಲೂ ಮೆಟ್ಟಿಲು, ಮಂಟಪದ ಸಾಲು, ನಡುವೆ ಅಲುಗಾಡದ ಹಸಿರು ನೀರು. ಹುಡುಗ ಮೆಟ್ಟಿಲ ಮೇಲೆ ಕುಳಿತ. ತಂದೆ ಬಂದು ಪಕ್ಕದಲ್ಲಿ ಕುಳಿತು, ಡಬ್ಬಿಯಲ್ಲಿ ಉಳಿದಿದ್ದ ಎರಡು ಇಡ್ಲಿಯನ್ನು ಮುಂದಿಟ್ಟರು.

“ಎಣ್ಣೆ ನಂದು, ಅಡ್ಜಸ್ಟರ್ ನಿಂದು. ಇಬ್ಬರದ್ದೂ ಅರ್ಧರ್ಧ” ಎಂದರು. ಹುಡುಗನಿಗೆ ನಗು ತಡೆಯಲಾಗಲಿಲ್ಲ.

ಭಾನುವಾರ ಹೊಸ ಪ್ಯಾಡು, ಮೆಡಿಕಲ್ ಶಾಪಿನಲ್ಲಿ ಕೊಂಡ ಐಸೊಪ್ರೊಪೈಲ್ ಆಲ್ಕೊಹಾಲಿನ ಸಣ್ಣ ಬಾಟಲಿ ಹಿಡಿದು ಇಬ್ಬರೂ ಬಂದರು. ಹುಡುಗ ತಾನೇ ಡಿಸ್ಕ್ ಒರೆಸಿದ, ತಾನೇ ಪ್ಯಾಡ್ ಕೂರಿಸಿದ. ಯಜಮಾನ ಬೀಡಿ ಹಚ್ಚಿ ನೋಡುತ್ತ ಕುಳಿತ. ಬೆರಳು ಡಿಸ್ಕಿಗೆ ತಾಗಿದಾಗಲೆಲ್ಲ “ಉಹುಂ” ಎಂದ.

ಹೊಸ ಪ್ಯಾಡು ಹಾಕಿದ ಕೂಡಲೇ ಬ್ರೇಕು ಹಿಡಿಯುವುದಿಲ್ಲ. ಪ್ಯಾಡಿನ ವಸ್ತು ಡಿಸ್ಕಿನ ಮೈಗೆ ತೆಳ್ಳಗೆ, ಒಂದೇ ಸಮನಾಗಿ ಅಂಟಿಕೊಳ್ಳಬೇಕು. ಅದಕ್ಕೆ ಸಮತಟ್ಟು ರಸ್ತೆಯಲ್ಲಿ ವೇಗ ಹಿಡಿದು, ಚಕ್ರ ಪೂರ್ತಿ ನಿಲ್ಲದ ಹಾಗೆ ನಡಿಗೆಯ ವೇಗಕ್ಕೆ ಇಳಿಸಿ, ಮತ್ತೆ ವೇಗ ಹಿಡಿಯಬೇಕು. ಹೀಗೆ ಇಪ್ಪತ್ತು ಮೂವತ್ತು ಸಲ. ಪೂರ್ತಿ ನಿಲ್ಲಿಸಿದರೆ ಒಂದೇ ಜಾಗದಲ್ಲಿ ಅಂಟಿ, ಆಮೇಲೆ ಬ್ರೇಕು ತಡವರಿಸುತ್ತದೆ.

ದೇವಸ್ಥಾನದ ಗೋಡೆಯ ಉದ್ದಕ್ಕೂ ಹುಡುಗ ಹೋಗಿ ಬಂದು ಮಾಡತೊಡಗಿದ. ಮೊದಲ ಏಳೆಂಟು ಸಲ ವ್ಯತ್ಯಾಸವೇ ಕಾಣಲಿಲ್ಲ. ಹತ್ತಾದ ಮೇಲೆ ಸದ್ದು ಬದಲಾಯಿತು. ಕೀರಲು ಹೋಗಿ ಒಂದು ಮಂದ್ರ ಗುಂಯ್. ಜಗಲಿಯ ಮೇಲೆ ಕುಳಿತ ಯಜಮಾನ ಲೆಕ್ಕ ಇಡುತ್ತಿದ್ದ. ಇಪ್ಪತ್ತೆರಡಕ್ಕೆ ಹುಡುಗ ಅಂಗಡಿಯ ಮುಂದೆ ಬಂದು ಎಡ ಲಿವರ್ ಒತ್ತಿದಾಗ ಹಿಂದಿನ ಚಕ್ರ ಧೂಳಿನಲ್ಲಿ ಗೀರು ಎಳೆದು ನಿಂತಿತು.

“ಬೆಟ್ಟ ಹತ್ತಿ ಇಳೀಲಾ ಅಪ್ಪಾ?” ಎಂದ.

“ಮೂವತ್ತು ಆಗ್ಲಿ ತಮ್ಮ. ಇನ್ನೂ ಎಂಟಿದೆ” ಎಂದ ಯಜಮಾನ. ತಂದೆ ಸ್ಕೂಟರಿನಿಂದ ಇಳಿದು ಜಗಲಿಯ ಮೇಲೆ ಅವನ ಪಕ್ಕ ಕುಳಿತರು.